ಐದು ಜನರ ಟ್ರೇಲರ್

"ಮಾರೋದಿಲ್ಲ," ಅಂದ ಅವನು.

ಸೂಜಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಬಹುದಾದ ಟ್ರೇಲರ್ ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದವನು ಇವನೇ. ಫೋನ್ ಮಾಡಿದಾಗ ಬನ್ನಿ, ನೋಡಿ ಎಂದು ಕರೆದವನೂ ಇವನೇ. ವಾರಕ್ಕೆ ಸಿಗುವ ಒಂದೇ ರಜೆಯನ್ನು ಹಾಳುಮಾಡಿಕೊಂಡು, ಬಸ್ಸಿನ ಮೇಲೆ ಬಸ್ಸು ಬದಲಿಸಿ, ಊರ ಹೊರಗಿನ ಈ ಶೆಡ್ಡಿಗೆ ಬಂದು, ಟ್ರೇಲರನ್ನು ಸುತ್ತಿ ಸುತ್ತಿ ನೋಡಿ, ಬಗ್ಗಿ ಅದರ ಹೊಟ್ಟೆಯಡಿ ಇಣುಕಿ, ಟಯರಿಗೆ ಒದ್ದು, ಕ್ಯಾನ್ವಾಸ್ ಮೂಸಿ, ಕೊನೆಗೆ "ಆಯ್ತು, ತಗೋತೀನಿ" ಅಂದ ಮೇಲೆ ಈ ಮಹಾನುಭಾವ ಹಳೇ ಬಟ್ಟೆಯಲ್ಲಿ ಕೈಯೊರೆಸಿಕೊಳ್ಳುತ್ತ ಮಾರೋದಿಲ್ಲ ಅನ್ನುತ್ತಾನೆ. ಯಾರಿಗಾದರೂ ಮೈ ಉರಿಯದೆ ಇರುತ್ತದೆಯೇ?

ಅವಳ ಮೈ ಉರಿಯುವುದಕ್ಕೆ ಇಷ್ಟು ದೊಡ್ಡ ಕಾರಣವೂ ಬೇಕಿರಲಿಲ್ಲ ಅನ್ನಿ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವ ಕೆಲಸ ಅವಳದು. ಸೂಜಿ ಎಂಬ ಅಡ್ಡಹೆಸರು ಬಂದದ್ದು ಆ ಕೆಲಸದಿಂದ, ನಿಂತದ್ದು ಅವಳ ನಾಲಿಗೆಯಿಂದ. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೂವತ್ತು ದಾಟಿದ ಮೇಲಂತೂ ಅದು ಅಲ್ಲೇ ಮನೆ ಕಟ್ಟಿಕೊಂಡಿತ್ತು.

"ಯಾಕೆ ಮಾರಲ್ಲ ಅಂತ ಕೇಳಬಹುದಾ?"

"ಎಷ್ಟು ಜನ ಅಂದ್ರಿ?"

"ಐದು. ಬಂದ ತಕ್ಷಣ ಒಬ್ಬೊಬ್ಬರನ್ನೇ ಎಣಿಸಿ ಹೇಳಿದ್ನಲ್ಲ! ನಿಮ್ಮ ಬೋರ್ಡಲ್ಲೂ ಐದೇ ಇದೆ."

ಟ್ರೇಲರಿನ ಬಾಗಿಲ ಪಕ್ಕದಲ್ಲಿ, ಲಿಫ್ಟುಗಳಲ್ಲಿ ಇರುವಂಥದೇ ಒಂದು ಪುಟ್ಟ ಸ್ಟೀಲ್ ತಗಡನ್ನು ಸ್ಕ್ರೂ ಹಾಕಿ ಕೂರಿಸಿದ್ದ. "ಐದು ಜನ ಮಾತ್ರ." ಅವನು ಲಿಫ್ಟ್ ರಿಪೇರಿಯವನು. ಯಾವ ಬಾಗಿಲನ್ನು ಕಂಡರೂ ಮೊದಲು ಒಳಗೆ ಎಷ್ಟು ಜನ ಎಂದು ಕೇಳುವುದು ಅವನ ಕಸುಬಿನ ಗುಣ.

"ಇನ್ನೊಂದು ಸಲ ಹೇಳಿ, ಯಾರ್ಯಾರು?"

ಸೂಜಿ ಮತ್ತೆ ಬೆರಳು ಮಡಚಿದಳು. "ನಮ್ಮಣ್ಣ, ಅತ್ತಿಗೆ, ಇಬ್ಬರು ಮಕ್ಕಳು, ನಮ್ಮಮ್ಮ. ಆಯ್ತಾ?"

"ನೀವು ಟ್ರಿಪ್ಪಿಗೆ ಹೋಗಲ್ವಾ?"

"ನಾನಿಲ್ದೆ ಹೇಗೆ ಹೋಗ್ತಾರೆ? ಒಲೆ ಹಚ್ಚೋರು ಯಾರು, ಗೂಟ ಹೊಡೆಯೋರು ಯಾರು?"

"ಎಲ್ಲಿ ಮಲಗ್ತೀರಿ?"

"ಕಾರಿನ ಮುಂದಿನ ಸೀಟಲ್ಲಿ. ಹಿಂದಕ್ಕೆ ಬಾಗುತ್ತೆ ಅದು. ಮೊದಲಿಂದಾನೂ ಹಾಗೇ."

"ಹಾಗಾದ್ರೆ ಆರು ಜನ. ಇದು ನಿಮ್ಮ ಮನೆಗೆ ಸಾಲಲ್ಲ."

"ನನ್ನನ್ನ ಯಾಕ್ರೀ ಲೆಕ್ಕಕ್ಕೆ ತಗೋತೀರಿ?"

ಅವನು ತಲೆಯೆತ್ತಿ ನೋಡಿದ. ಹುಬ್ಬಿಗೆ ಗ್ರೀಸ್ ಮೆತ್ತಿತ್ತು. ಅದರ ಕೆಳಗಿನ ಕಣ್ಣುಗಳು ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತವು. ಅವಳಿಗೆ ಯಾಕೋ ತನ್ನ ದುಪಟ್ಟಾ ಸರಿಮಾಡಿಕೊಳ್ಳಬೇಕೆನಿಸಿತು. ಸರಿಯಾಗಿಯೇ ಇತ್ತು.

"ಹೊಳೆ ದಾಟಿ ತಲೆ ಎಣಿಸಿದ ದಡ್ಡರ ಕಥೆ ಗೊತ್ತಲ್ಲ? ಎಣಿಸೋನು ತನ್ನನ್ನೇ ಬಿಟ್ಟು ಎಣಿಸ್ತಿದ್ದ. ಒಬ್ಬ ಮುಳುಗಿಹೋದ ಅಂತ ಎಲ್ಲರೂ ಕೂತು ಅತ್ತರು."

"ನನ್ನನ್ನ ದಡ್ಡಿ ಅಂತಿದ್ದೀರಾ?"

"ಇಲ್ಲ. ಅವರಾದ್ರೂ ಅತ್ತರು ಅಂತಿದ್ದೀನಿ."

ಎಂಥ ಮಾತು! ಗುರುತಿಲ್ಲ, ಪರಿಚಯವಿಲ್ಲ, ಇವನಿಗೇಕೆ ಬೇಕು ಊರವರ ಉಸಾಬರಿ? "ನಿಮ್ಮ ಡಬ್ಬಾ ನೀವೇ ಇಟ್ಕೊಂಡು ಪೂಜೆ ಮಾಡಿ," ಎಂದು ಹೇಳಿ ಸೂಜಿ ಹೊರಟುಬಿಟ್ಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾಗಿದ್ದ ಇನ್ನೂ ಒಳ್ಳೊಳ್ಳೆಯ ಮಾತುಗಳು ನೆನಪಾಗುತ್ತಲೇ ಇದ್ದವು.

*

ರಜೆ ಸಿಕ್ಕಾಗಲೆಲ್ಲ ಕೆರೆದಂಡೆಗೋ ಗುಡ್ಡದ ಮೇಲಕ್ಕೋ ಹೋಗಿ ಡೇರೆ ಹಾಕುವುದು ಅವರ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ಹುಚ್ಚು. ಅಪ್ಪ ಹೋದರೂ ಹುಚ್ಚು ಹೋಗಲಿಲ್ಲ. ಈಗ ಡೇರೆ ಜರಡಿಯಾಗಿತ್ತು. ಅಮ್ಮನ ಮಂಡಿ ನೆಲದಿಂದ ಮೇಲೇಳಲು ಒಪ್ಪುತ್ತಿರಲಿಲ್ಲ. ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಒಳಗೆ ಹಾಸಿಗೆಯಿರುವ ಟ್ರೇಲರ್ ಬೇಕು. ದಾರಿಯೆಲ್ಲ ಕಲ್ಲು, ಕೊರಕಲು. ಆದ್ದರಿಂದ ಎತ್ತರದ ಚಕ್ರ, ಗಟ್ಟಿ ಸ್ಪ್ರಿಂಗ್ ಇರುವ ಆಫ್-ರೋಡ್ ಟ್ರೇಲರೇ ಆಗಬೇಕು. ಹೊಸದರ ಬೆಲೆಗೆ ಇನ್ನೊಂದು ಕಾರೇ ಬರುತ್ತದೆ. ಕೈಗೆಟುಕುವ ಹಳೆಯದೊಂದನ್ನು ಹುಡುಕುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

"ಕೊಡಲ್ಲ ಅಂದ್ನಾ? ತಲೆಗಿಲೆ ಕೆಟ್ಟಿದ್ಯಾ ಅವನಿಗೆ?" ಎಂದ ಅಣ್ಣ. ವಿಮೆ ಕಂಪನಿಯಲ್ಲಿ ಕೆಲಸ ಮಾಡುವ ಅವನಿಗೆ ಬೇರೆಯವರ ತಲೆಯ ಬಗ್ಗೆ ಅನುಮಾನ ಜಾಸ್ತಿ. "ನೀನು ಕಾರಲ್ಲಿ ಮಲಗಿದ್ರೆ ಅವನಿಗೇನು ಕಷ್ಟ?"

"ಅದೇ ನಾನೂ ಕೇಳಿದ್ದು."

"ನೀನು ಬರಲ್ಲ ಅಂತ ಒಂದು ಸುಳ್ಳು ಹೇಳಬಾರದಾಗಿತ್ತಾ?" ಎಂದಳು ಅತ್ತಿಗೆ.

"ಇವಳಿಗೇನು, ನಿಂತಲ್ಲೇ ನಿದ್ದೆ ಬರುತ್ತೆ," ಎಂದರು ಅಮ್ಮ, ಹೊಗಳಿಕೆಯ ಧ್ವನಿಯಲ್ಲೇ. "ಒಬ್ಬಳೇ ತಾನೇ, ಹೇಗೋ ಅಡ್ಜಸ್ಟ್ ಆಗುತ್ತೆ."

ಎಲ್ಲರೂ ಅವಳ ಪರವಾಗಿಯೇ ಮಾತಾಡುತ್ತಿದ್ದರು. ಎಲ್ಲರೂ ಲಿಫ್ಟಿನವನನ್ನೇ ಬೈಯುತ್ತಿದ್ದರು. ಆದರೂ ಅನ್ನ ತಿನ್ನುವಾಗ ಹಲ್ಲಿಗೆ ಕಲ್ಲು ಸಿಕ್ಕಂತೆ ಏನೋ ಒಂದು ಅವಳಿಗೆ ಸಿಕ್ಕಿತು. ಅದೇನೆಂದು ನೋಡುವ ಧೈರ್ಯ ಸಾಲದೆ, ಆ ಸಿಟ್ಟನ್ನೂ ಲಿಫ್ಟಿನವನ ಲೆಕ್ಕಕ್ಕೇ ಬರೆದಳು.

*

ಹಾವಿನಂಥ ಸಿಟ್ಟಿಗೆ ಇಲಿ ತಾನಾಗಿಯೇ ಬಂದು ಸಿಕ್ಕಿತು. ಲಿಫ್ಟ್ ಕಂಪನಿಯವರ ವರ್ಷದ ಆರೋಗ್ಯ ತಪಾಸಣೆ ಇವಳ ಆಸ್ಪತ್ರೆಯಲ್ಲೇ. ಲ್ಯಾಬಿನ ಕುರ್ಚಿಯಲ್ಲಿ, ಅಂಗಿಯ ತೋಳು ಮಡಚಿ ಕೂತವನು ಅವನೇ. ಇವಳನ್ನು ಕಂಡು ಎದ್ದುನಿಲ್ಲಲು ನೋಡಿದ.

"ಕೂತ್ಕೊಳ್ಳಿ," ಎಂದಳು ಸೂಜಿ. ಅಷ್ಟು ಸಿಹಿಯಾಗಿ ಅವಳು ಮಾತಾಡಿದ್ದನ್ನು ಆ ಲ್ಯಾಬ್ ಕೇಳಿರಲಿಲ್ಲ. "ಮುಷ್ಟಿ ಬಿಗಿ ಹಿಡೀರಿ."

"ತುಂಬಾ ನೋವಾಗುತ್ತಾ?"

"ಟ್ರೇಲರ್ ಮಾರೋರಿಗೆ ಆಗಲ್ಲ."

ಅವನು ನಕ್ಕ, ಆದರೆ ತುಟಿ ಬಿಳಿಚಿತ್ತು. ಗೋಡೆಯ ಕಡೆ ಮುಖ ತಿರುಗಿಸಿದ. "ಲಿಫ್ಟ್ ಓಡಾಡೋ ಆಳದ ಗುಂಡಿಯಲ್ಲಿ ಹಗ್ಗಕ್ಕೆ ನೇತಾಡ್ತೀನಿ, ಏನೂ ಅನ್ಸಲ್ಲ. ಇದೊಂದಕ್ಕೆ ಮಾತ್ರ ಜೀವ ಹೋಗುತ್ತೆ."

ಅವನ ಮೊಣಕೈ ಮಡಿಕೆಯ ಮೇಲೆ ಬೆರಳಿಟ್ಟು ಅವಳು ರಕ್ತನಾಳ ಹುಡುಕಿದಳು. ಒಂದೇ ಕ್ಷಣದಲ್ಲಿ ಸಿಕ್ಕಿತು. ಆದರೂ ಬೆರಳು ಇನ್ನೂ ಅಲ್ಲೇ ಹುಡುಕುತ್ತಿತ್ತು. ಬೆರಳಡಿಯಲ್ಲಿ ಅವನ ನಾಡಿ ಓಡುತ್ತಿತ್ತು. ಕೆಲಸದಲ್ಲಿ ಇಷ್ಟು ವರ್ಷ ಎಷ್ಟು ಕೈ ಹಿಡಿದಿದ್ದಳೋ, ಯಾವುದೂ ಅವಳಿಗೆ ಹೀಗೆ ಬಿಸಿ ತಾಗಿಸಿರಲಿಲ್ಲ.

"ಒಂದು ಕೇಳ್ಲಾ?" ಎಂದ ಗೋಡೆಯನ್ನೇ ನೋಡುತ್ತ. "ಆ ಸೀಟಲ್ಲಿ ಮಲಗಿ ಬೆಳಿಗ್ಗೆ ಎದ್ದಾಗ, ಕತ್ತು ನೋಯಲ್ವಾ?"

ಸೂಜಿಯ ಕೈ ನಿಂತಿತು.

ನೋಯುತ್ತಿತ್ತು. ಪ್ರತಿ ಸಲವೂ ನೋಯುತ್ತಿತ್ತು. ಟ್ರಿಪ್ಪಿನಿಂದ ಬಂದ ಮೇಲೆ ವಾರಗಟ್ಟಲೆ ಎಡಕ್ಕೆ ತಿರುಗಲಾಗುತ್ತಿರಲಿಲ್ಲ. ಜೊತೆಗೆ ಹೋದವರು ಯಾರೂ ಕೇಳದಿದ್ದ ಪ್ರಶ್ನೆಯನ್ನು ಈ ಗ್ರೀಸಿನ ಹುಬ್ಬಿನವನು ಕೇಳುವುದೆಂದರೇನು? ಅವಳಿಗೆ ಹೊಸದಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸೂಜಿ ಚುಚ್ಚಿದಳು, ಆದರೆ ಅವನಿಗೆ ಗೊತ್ತೇ ಆಗದಷ್ಟು ಹಗುರವಾಗಿ.

"ಆಯ್ತು. ಹತ್ತಿ ಒತ್ತಿ ಹಿಡ್ಕೊಳ್ಳಿ."

"ಆಗೇಹೋಯ್ತಾ?"

"ನಿಮ್ಮ ಹಾಗೆ ನಾನು ಸತಾಯಿಸಲ್ಲ."

ಅವನು ಹತ್ತಿ ಒತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದ. "ಆರು ಜನಕ್ಕೆ ಆಗೋ ಟ್ರೇಲರ್ ಒಟ್ಟಿಗೆ ಹುಡುಕೋಣ್ವಾ? ನಾನು ಅಡಿಭಾಗ ನೋಡ್ತೀನಿ. ಜಗಳ ನೀವು ಆಡಿ."

ಬೇಡ ಎನ್ನಲು ಬಾಯಿ ತೆರೆದ ಸೂಜಿ, "ಭಾನುವಾರ ಬೆಳಿಗ್ಗೆ. ಲೇಟಾದ್ರೆ ನಾನಿರಲ್ಲ," ಅಂದಳು.

*

ಹುಡುಕಾಟ ಶುರುವಾಯಿತು, ಜಗಳವೂ.

ಮೊದಲು ಹೋದದ್ದು ಒಂದು ಥಳಥಳ ಶೋರೂಮಿಗೆ. ಟೈ ಕಟ್ಟಿದ ಹುಡುಗ "ಇದು ನಮ್ಮ ಫ್ಯಾಮಿಲಿ ಮಾಡೆಲ್ ಮೇಡಂ" ಎಂದು ಒಂದೊಂದೇ ಡ್ರಾಯರ್ ಎಳೆದು ತೋರಿಸಿದ. ಎರಡು ಒಲೆ, ಫ್ರಿಜ್, ಗ್ಲಾಸಿಡಲು ಮಖಮಲ್ಲಿನ ಗೂಡು. ಮಲಗಲು ಮಾತ್ರ ನಾಲ್ಕೇ ಜಾಗ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದಳು ಸೂಜಿ. "ಗ್ಲಾಸಿಗಿರೋ ಮರ್ಯಾದೆ ಮನುಷ್ಯರಿಗಿಲ್ವಲ್ರೀ ಇದರಲ್ಲಿ!" ಬೆಲೆ ಕೇಳಿದಾಗ ಇಬ್ಬರಿಗೂ ಒಟ್ಟಿಗೇ ಕೆಮ್ಮು ಬಂತು.

ಇನ್ನೊಂದು ಕಡೆ ಟ್ರೇಲರಿನ ಮೈತುಂಬ ಬೆಟ್ಟಗುಡ್ಡಗಳ ಸ್ಟಿಕರ್. ಹೊಟ್ಟೆ ಮಾತ್ರ ನೆಲಕ್ಕೆ ತಾಗುವಷ್ಟು ಕೆಳಗೆ. "ಸ್ಟಿಕರ್ ಒಂದೇ ಇದರಲ್ಲಿ ಗುಡ್ಡ ಹತ್ತೋದು," ಎಂದು ಲಿಫ್ಟಿನವನು ಬಗ್ಗಿ ಅಡಿಗೆ ಇಣುಕುತ್ತ ಕೂಗಿದ. ಮತ್ತೊಂದರಲ್ಲಿ ತುಕ್ಕಿನ ಮೇಲೆ ನಿನ್ನೆ ಮೊನ್ನೆ ಬಳಿದ ಬಣ್ಣ. ಉಗುರಿನಿಂದ ಕೆರೆದು ಮಾಲೀಕನ ಮೂಗಿನ ಕೆಳಗೆ ಹಿಡಿದ ಸೂಜಿ, ಆ ಮನುಷ್ಯನಿಗೆ ಅವನ ಜನ್ಮದಲ್ಲಿ ಮರೆಯಲಾಗದಂತೆ ಪಾಠ ಹೇಳಿದಳು. ಲಿಫ್ಟಿನವನು ಟ್ರೇಲರಿನ ಅಡಿಯಿಂದ ತಲೆ ಮಾತ್ರ ಹೊರಗೆ ಹಾಕಿ, ಸಿನಿಮಾ ನೋಡುವವನ ಹಾಗೆ ಅವಳನ್ನೇ ನೋಡುತ್ತಿದ್ದ.

"ಏನು ನಗ್ತೀರಿ?"

"ಕೋಪ ಬಂದಾಗ ನಿಮ್ಮ ಮೂಗು ಮೊದಲು ಕೆಂಪಾಗುತ್ತೆ. ಆಮೇಲೆ ಕಿವಿ. ಕಿವಿಗೆ ಬಂದ್ರೆ ಎದುರಿಗಿರೋನು ಮುಗಿದ."

"ನಿಮ್ಮನ್ನ ಟ್ರೇಲರ್ ನೋಡೋಕೆ ಕರ್ಕೊಂಡು ಬಂದಿರೋದು."

"ನೋಡ್ತಿದ್ದೀನಲ್ಲ, ಅದನ್ನೂ."

ಕಿವಿ ಕೆಂಪಾಯಿತು. ಆದರೆ ಆ ಸಲ ಅದು ಕೋಪಕ್ಕಲ್ಲ.

ಪ್ರತಿ ಟ್ರೇಲರಿನಲ್ಲೂ ಅವನದೊಂದು ಹಠವಿತ್ತು. ಅವಳು ಒಳಗೆ ಮಲಗಿ ನೋಡಲೇಬೇಕು. "ಇಲ್ಲೇನಾ? ಇವರೆಲ್ಲರ ಮುಂದೆ?" ಎಂದು ಅವಳು ರೇಗಿದರೆ, ಬಾಗಿಲಿಗೆ ಬೆನ್ನು ಹಾಕಿ ಅಡ್ಡ ನಿಂತುಬಿಡುತ್ತಿದ್ದ. ಮೊದಲ ಸಲ ಅವಳು ಅಭ್ಯಾಸದಂತೆ ಮಂಡಿ ಮಡಚಿ, ಮುದುರಿ ಮಲಗಿದಳು.

"ಕಾಲು ಚಾಚಿದ್ರಾ?" ಎಂದ ತಿರುಗದೆಯೇ.

"ಹ್ಞೂಂ."

"ಪೂರ್ತಿ?"

ಇವನ ಬೆನ್ನಿಗೂ ಕಣ್ಣಿದೆಯೋ ಏನೋ. ಅವಳು ಮೆಲ್ಲಗೆ ಒಂದು ಕಾಲು ಚಾಚಿದಳು. ಇನ್ನೊಂದು ಚಾಚಿದಳು. ಬೆನ್ನಿನಲ್ಲಿ ಎಲ್ಲೋ ಒಂದು ಗಂಟು ತಾನಾಗಿಯೇ ಬಿಚ್ಚಿಕೊಂಡಿತು. ಚಾವಣಿಯ ಸಣ್ಣ ಕಿಟಕಿಯಲ್ಲಿ ಒಂದು ತುಂಡು ಆಕಾಶ. ಬೇರೆಯವರ ಟ್ರೇಲರಿನಲ್ಲಿ, ಬೇರೆಯವರ ಹಾಸಿಗೆಯ ಮೇಲೆ ಕಣ್ಣಲ್ಲಿ ನೀರು ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವತ್ತು ದಾರಿಬದಿಯ ಬೆಂಚಿನಲ್ಲಿ ಟೀ ಕುಡಿಯುತ್ತ ಕೇಳಿದಳು. "ನಿಜ ಹೇಳಿ. ನಿಮ್ಮ ಟ್ರೇಲರ್ ಯಾಕೆ ಕೊಡಲಿಲ್ಲ? ನನ್ನ ಕತ್ತು ನೋಯೋದ್ರಿಂದ ನಿಮಗೇನಾಗಬೇಕಿತ್ತು?"

ಅವನು ಲೋಟದಲ್ಲಿ ಇಲ್ಲದ ಕಸ ನೋಡಿದ. "ಆ ಟ್ರೇಲರ್ ನಾನೇ ಕಟ್ಟಿಸಿದ್ದು. ಅಪ್ಪ, ಅಕ್ಕ, ಭಾವ, ಅವರ ಎರಡು ಮಕ್ಕಳು. ಐದು ಜನ ಅಂತ ಬೋರ್ಡು ಹೊಡೆದೆ."

"ಮತ್ತೆ ನೀವು?"

"ಅದರ ಕೆಳಗೆ. ಚಕ್ರದ ಮಧ್ಯೆ ಒಂದು ಚಾಪೆ ಹಾಕ್ಕೊಂಡು."

"ಕೆಳಗೇನಾ? ಮಣ್ಣಲ್ಲೇನಾ?"

"ದಿನಾ ಲಿಫ್ಟಲ್ಲಿ ತಲೆ ಎಣಿಸೋನು ನಾನು. ನನ್ನ ತಲೇನೇ ಎಣಿಸಿರಲಿಲ್ಲ. ಅಪ್ಪ ಹೋದ್ರು, ಅಕ್ಕನ ಸಂಸಾರ ದೂರ ಹೋಯ್ತು. ಟ್ರೇಲರ್ ಖಾಲಿಯಾದ್ರೂ ನನಗೆ ಒಳಗೆ ಹೋಗಿ ಮಲಗೋಕೆ ಆಗಲಿಲ್ಲ. ಅದಕ್ಕೇ ಮಾರೋಣ ಅಂದ್ಕೊಂಡೆ. ನೀವು ಬಂದು, ಬೆರಳು ಮಡಚಿ ಮಡಚಿ ಐದು ಅಂದ್ರಲ್ಲ..."

"ನಾಚಿಕೆ ಆಗಲ್ವಾ ಅವರಿಗೆ?" ಸೂಜಿಯ ಲೋಟದಿಂದ ಟೀ ತುಳುಕಿತು. "ಒಬ್ಬರಾದ್ರೂ, ಇವನು ಎಲ್ಲಿ ಮಲಗ್ತಾನೆ ಅಂತ ಕೇಳಬೇಡ್ವಾ? ಟ್ರೇಲರ್ ಕಟ್ಟಿಸೋಕೆ ಬೇಕು, ಮಲಗೋಕೆ ಮಾತ್ರ ಮಣ್ಣಾ? ಎಂಥ ಜನ ರೀ ಅವರು!"

"ಕೆಟ್ಟವರಲ್ಲ. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಅಷ್ಟೇ."

ಹಲ್ಲಿಗೆ ಸಿಕ್ಕಿದ್ದ ಆ ಕಲ್ಲು ಏನೆಂದು ಈಗ ಅವಳಿಗೆ ಚೆನ್ನಾಗಿಯೇ ಕಂಡಿತು. ಅವನು ಅವಳ ಕೈಯಿಂದ ತುಳುಕಿದ ಲೋಟ ತೆಗೆದುಕೊಂಡು, ತನ್ನ ತುಂಬಿದ ಲೋಟ ಇಟ್ಟ.

*

ಮನೆಯಲ್ಲಿ ಅವಳು ಹಳೆಯ ಡೇರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ಹುಡುಕಿ ತೇಪೆ ಹಾಕುತ್ತಿದ್ದ ಸಂಜೆ ಅಣ್ಣ ಬೂಟು ಬಿಚ್ಚುತ್ತಲೇ ಶುರುಮಾಡಿದ.

"ನಿನ್ನ ಆ ಲಿಫ್ಟಿನವನಿಗೆ ಸೊಕ್ಕು ಜಾಸ್ತಿ ಕಣೇ. ನಾನೇ ಹೋಗಿದ್ದೆ ಇವತ್ತು. ಅಷ್ಟು ಅಗ್ಗಕ್ಕೆ ಅಂಥ ಗಟ್ಟಿ ಟ್ರೇಲರ್ ಎಲ್ಲೂ ಸಿಗಲ್ಲ. ನಾವು ಐದೇ ಜನ, ತಂಗಿ ಬರಲ್ಲ ಅಂದಿದ್ದಾಳೆ ಅಂದೆ. ಅವರೇ ಬಂದು ಹೇಳಲಿ ಅಂತಾನೆ! ಅವನ್ಯಾರು ಅದನ್ನ ಕೇಳೋಕೆ?"

ಸೂಜಿ ದಾರ ಕಚ್ಚಿ ತುಂಡುಮಾಡಿದಳು.

"ನಾನು ಬರಲ್ಲ ಅಂತ ಯಾವಾಗ ಹೇಳಿದೆ?"

"ಅಯ್ಯೋ, ಅದು ಸುಮ್ಮನೆ ಹೇಳಿದ್ದು. ಟ್ರೇಲರ್ ಸಿಗಲಿ ಅಂತ."

"ಸುಮ್ಮನೆ!" ಡೇರೆ ನೆಲಕ್ಕೆ ಬಿತ್ತು. "ಒಂದು ಟ್ರೇಲರಿಗೋಸ್ಕರ ನನ್ನನ್ನ ಮನೆ ಲೆಕ್ಕದಿಂದಲೇ ತೆಗೆದುಬಿಟ್ಯಲ್ಲೋ ಅಣ್ಣ! ಅಷ್ಟು ಸುಲಭನಾ? ಗೂಟ ಹೊಡೆಯೋವಾಗ ನಾನು ಇರ್ತೀನಿ. ನೀರು ಹೊರೋವಾಗ ಇರ್ತೀನಿ. ದುಡ್ಡು ಹಾಕೋವಾಗ ಅರ್ಧ ಪಾಲು ನಂದು. ಮಲಗೋ ಹೊತ್ತಿಗೆ ಮಾತ್ರ ನಾನು ಗಾಳಿಯಾ?"

"ಹಾಗಲ್ವೇ... ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ವಾ? ದೊಡ್ಡದು ತಗೊಳ್ಳೋ ಶಕ್ತಿ ನಮಗೆ..."

"ಹಾಸಿಗೇನೇ ಇಲ್ಲದೋಳು ಏನು ಚಾಚಲಿ ಹೇಳು!"

ಮಕ್ಕಳು ಟಿವಿಯ ಧ್ವನಿ ತಗ್ಗಿಸಿದರು. ಅತ್ತಿಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. "ನೀನು ಒಂದು ಸಲಾನಾದ್ರೂ ಬಾಯಿಬಿಟ್ಟು ಹೇಳಿದ್ರೆ..."

"ಹೌದು ಅತ್ತಿಗೆ, ಹೇಳಬೇಕಿತ್ತು. ಊರವರ ಮೇಲೆಲ್ಲ ಹರಿಹಾಯ್ತೀನಿ, ಇಲ್ಲಿ ಮಾತ್ರ ಬಾಯಿ ಹೊಲ್ಕೊಂಡಿದ್ದೆ. ಈಗ ಹೇಳ್ತಿದ್ದೀನಿ ಕೇಳಿ. ಆ ಸೀಟಲ್ಲಿ ನನಗೆ ನಿದ್ದೆ ಬರಲ್ಲ. ಒಂದು ದಿನಾನೂ ಬಂದಿಲ್ಲ. ನೀವೆಲ್ಲ ಗೊರಕೆ ಹೊಡೆಯೋದನ್ನ ಕೇಳ್ಕೊಂಡು ಗಾಜಿನ ಮೇಲೆ ಇಬ್ಬನಿ ಎಣಿಸ್ತಾ ಕೂತಿರ್ತೀನಿ. ಆರು ಜನರ ಟ್ರೇಲರ್ ಆದ್ರೆ ತಗೊಳ್ಳೋಣ. ಇಲ್ಲದಿದ್ರೆ ನನ್ನ ಪಾಲು ನನಗೆ ಕೊಡಿ, ನಾನೊಬ್ಬಳೇ ಒಂದು ಟೆಂಟು ತಗೊಂಡು ಹೋಗ್ತೀನಿ."

ಅಣ್ಣ ಬಿಚ್ಚಿದ ಬೂಟನ್ನೇ ಮತ್ತೆ ಬಿಚ್ಚಲು ನೋಡುತ್ತಿದ್ದ. ಅಮ್ಮ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಎದ್ದು ಬಂದರು. ಅವಳ ಹಿಂದೆ ನಿಂತು, ಕೂದಲು ಸರಿಸಿ, ಕತ್ತಿನ ಮೇಲೆ ಕೈಯಿಟ್ಟರು.

"ಯಾವ ಕಡೆ ನೋಯುತ್ತೆ ಮಗಳೇ?"

ಅಲ್ಲಿಯವರೆಗೆ ಬೆಂಕಿಯಾಗಿದ್ದ ಸೂಜಿ ಆಗ ಅತ್ತಳು.

*

ಕೊನೆಗೆ ಸಿಕ್ಕಿದ ಟ್ರೇಲರ್ ನೋಡಲು ಅಂಥ ಚೆಂದವೇನಲ್ಲ. ಒಬ್ಬ ಬಡಗಿ ಹಳೇ ಕಬ್ಬಿಣದ ಚೌಕಟ್ಟಿನ ಮೇಲೆ ತಾನೇ ಕಟ್ಟಿದ್ದು. ಒಲೆಯಿಲ್ಲ, ಫ್ರಿಜ್ಜಿಲ್ಲ, ಹೊಳಪಿಲ್ಲ. ಇಲ್ಲದ್ದಕ್ಕೆಲ್ಲ ದುಡ್ಡು ಕೊಡಬೇಕಾಗಿಯೂ ಇಲ್ಲ. ಎತ್ತರದ ಚಕ್ರ, ಕಾರಿಗೆ ಹೊಂದುವ ಟಯರು, ದಪ್ಪ ಸ್ಪ್ರಿಂಗ್. ಒಳಗೆ ಮರದ ಹಲಗೆಗಳು, ಮೇಲೆ ಮಡಚಿ ಬಿಚ್ಚುವ ಕ್ಯಾನ್ವಾಸಿನ ಕೋಣೆ. ಸೂಜಿ ಈ ಸಲ ಇಡೀ ಸಂಸಾರವನ್ನೇ ಹೊರಡಿಸಿಕೊಂಡು ಬಂದಿದ್ದಳು. ಲಿಫ್ಟಿನವನು ಮೊದಲೇ ಬಂದು ಅಡಿಭಾಗ ಸೇರಿದ್ದ.

ಅಮ್ಮ ಮೆಟ್ಟಿಲು ಹತ್ತಿ ನೋಡಿದರು. ಮಂಡಿ ತಕರಾರು ಮಾಡಲಿಲ್ಲ. ಮಕ್ಕಳು ಮೇಲಿನ ಕೋಣೆಗೆ ಆಗಲೇ ಜಗಳ ಶುರುಮಾಡಿದ್ದರು.

ಲಿಫ್ಟಿನವನು ಅಡಿಯಿಂದ ಹೊರಬಂದು, ಕೈಯೊರೆಸಿಕೊಂಡು, ಅಣ್ಣನನ್ನೇ ನೇರವಾಗಿ ಕೇಳಿದ. "ಎಷ್ಟು ಜನ?"

ಅಣ್ಣ ಕೆಮ್ಮಿದ. "ಆರು."

"ಸರಿ." ಸ್ಕ್ರೂಡ್ರೈವರಿನ ತುದಿಯಿಂದ ಒಬ್ಬೊಬ್ಬರನ್ನೇ ತೋರಿಸುತ್ತ ಎಣಿಸಿದ. "ಅಮ್ಮ, ಅಣ್ಣ, ಅತ್ತಿಗೆ, ಮಕ್ಕಳು ಎರಡು, ಇವರು. ಆರು. ಮೇಲೆ ಮೂವರು, ಕೆಳಗೆ ಮೂವರು. ಇನ್ನೊಂದು ಹಲಗೆ ಸಾಮಾನಿಗೆ ಉಳಿಯುತ್ತೆ."

"ಮತ್ತೆ ಎಣಿಸಿ," ಎಂದಳು ಸೂಜಿ.

ಅವನು ಎಣಿಸಿದ. "ಆರು."

"ಮತ್ತೆ."

"ಆರೇ ರೀ!"

"ಲಿಫ್ಟಿನವರಂತೆ! ತಲೆ ಎಣಿಸೋದೇ ಕಸುಬಂತೆ!" ಸೂಜಿಯ ಮೂಗು ಕೆಂಪಾಯಿತು. "ಕಣ್ಣೆದುರಿಗಿರೋ ಒಬ್ಬ ಮನುಷ್ಯ ಪ್ರತಿ ಸಲಾನೂ ಬಿಟ್ಟುಹೋಗ್ತಿದ್ದಾನೆ, ಅದು ಕಾಣ್ಸಲ್ವಾ?"

ಅಣ್ಣ ಗಾಬರಿಯಾಗಿ ತಾನೂ ಬೆರಳು ಮಡಚಿದ. ಅತ್ತಿಗೆ ಮಕ್ಕಳ ತಲೆ ಮುಟ್ಟಿ ಮುಟ್ಟಿ ನೋಡಿದಳು. ಬಡಗಿಯೂ ತುಟಿಯಲ್ಲೇ ಎಣಿಸಿಕೊಂಡ. ಎಲ್ಲರಿಗಿಂತ ಮೊದಲು ನಕ್ಕವರು ಅಮ್ಮ.

ಸೂಜಿ ಮುಂದೆ ಬಂದು, ಗ್ರೀಸಾದ ಅವನ ಅಂಗಿಯ ಮೇಲೆ, ಎದೆಯ ನಡುವೆ ತೋರುಬೆರಳು ಊರಿದಳು. "ಏಳು. ಹೊಳೆ ದಾಟಿದ ದಡ್ಡ ಈಗ ಯಾರು?"

ಅವನ ಕೈಯ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಅವಳ ಬೆರಳಡಿಯಲ್ಲಿ ಲ್ಯಾಬಿನಲ್ಲಿ ಓಡುತ್ತಿದ್ದ ಅದೇ ನಾಡಿ ಓಡುತ್ತಿತ್ತು.

"ಬರೋಕೆ ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳಿ, ಸಾಮಾನೇ ಇಡ್ತೀನಿ," ಎಂದಳು. ಊರಿದ ಬೆರಳನ್ನು ತೆಗೆಯಲಿಲ್ಲ. "ಆದ್ರೆ ಮಣ್ಣಲ್ಲಿ ಮಲಗೋಕೆ ಇನ್ನು ನಾನು ಬಿಡಲ್ಲ. ನಿಮ್ಮನ್ನ ಬಿಟ್ಟು ಎಣಿಸಿದ್ರೆ ನನಗೆ ಲೆಕ್ಕ ತಪ್ಪುತ್ತೆ. ನನಗೆ ನೀವು ಬೇಕು. ಇದನ್ನೂ ನಾನೇ ಬಾಯಿಬಿಟ್ಟು ಹೇಳಬೇಕಾ?"

"ಇಷ್ಟ ಇಲ್ಲ ಅಂತ ಯಾರು ಹೇಳಿದ್ರು?" ಎಂದ ಅವನು. "ಕರೀತೀರಾ ಅಂತ ಕಾಯ್ತಾ ಇದ್ದೆ."

"ಯಾವತ್ತಿಂದ?"

"ನನ್ನ ಟಯರಿಗೆ ಒದ್ದ ದಿನದಿಂದ."

ಅಣ್ಣ ಏನೋ ಹೇಳಲು ಬಾಯಿ ತೆರೆದ. ಅಮ್ಮ ಅವನ ತೋಳು ಚಿವುಟಿದರು. "ಮೊದಲು ಆಗಬೇಕಾದ್ದು ಆಗಲಿ. ಆಮೇಲೆ ಏಳೂ ಜನ ಟ್ರಿಪ್ಪಿಗೆ ಹೋಗೋಣ," ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

"ಹತ್ತಿ," ಎಂದಳು ಸೂಜಿ. "ಮಲಗಿ ನೋಡಿ."

"ಎಲ್ಲರ ಮುಂದೆನಾ?"

"ನನ್ನನ್ನ ಎಷ್ಟು ಜನರ ಮುಂದೆ ಮಲಗಿಸಿದ್ರಿ? ಹತ್ತಿ!"

ಅವನು ನಾಚುತ್ತ ಏರಿ, ಸಾಮಾನಿನ ಹಲಗೆಯ ಮೇಲೆ ಮಲಗಿದ. ಹಿಮ್ಮಡಿ ಎರಡೂ ತುದಿಯಾಚೆ ಗಾಳಿಯಲ್ಲಿ ನೇತಾಡಿದವು. ಕೂಡಲೇ ಮಂಡಿ ಮಡಚಿಕೊಂಡ. "ಪರವಾಗಿಲ್ಲ, ಹೀಗೆ ಮಲಗಿದ್ರೆ ಸಾಕು. ಅಡ್ಜಸ್ಟ್ ಮಾಡ್ಕೋತೀನಿ."

ಸೂಜಿಯ ಕಿವಿಯವರೆಗೆ ಕೆಂಪೇರಿತು. "ಆ ಮಾತು ಇನ್ನು ನಮ್ಮನೇಲಿ ಯಾರೂ ಆಡಕೂಡದು!" ಎಂದವಳೇ ಬಡಗಿಯ ಕಡೆ ತಿರುಗಿದಳು. "ಈ ಹಲಗೆ ಒಂದು ಗೇಣು ಉದ್ದ ಮಾಡಿಕೊಡ್ತೀರೋ ಇಲ್ವೋ? ಆಗಲ್ಲ ಅಂದ್ರೆ ಈಗಲೇ ಹೇಳಿ. ನಮಗೆ ಈ ಟ್ರೇಲರೇ ಬೇಡ."

ಬಡಗಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. "ಕಾಲು ಸರಿಯಾಗಿ ಚಾಚಪ್ಪ, ಗುರುತು ಹಾಕ್ಕೋತೀನಿ."

ಅವನು ಅನುಮಾನಿಸುತ್ತ ಒಂದು ಕಾಲು ಚಾಚಿದ. ಆಮೇಲೆ ಇನ್ನೊಂದು.

"ಪೂರ್ತಿ," ಎಂದಳು ಸೂಜಿ.